ರಿಪೇರಿಗೆ ಬರುವ ವಸ್ತು, ವಾಪಸ್ ಪಡೆಯುವ ಕಂಪನಿ: ವರ್ತುಲ ಆರ್ಥಿಕತೆಯ ಕಾನೂನುಗಳು ಮತ್ತು ಗ್ರಾಹಕರು

ಮೊಬೈಲ್ ಫೋನೊಂದು ಎಷ್ಟು ವರ್ಷ ಬಾಳುತ್ತದೆ ಎಂಬುದು ಅದು ಕೊಂಡವರ ಕೈ ಸೇರುವ ಮೊದಲೇ ಬಹುಮಟ್ಟಿಗೆ ತೀರ್ಮಾನವಾಗಿರುತ್ತದೆ. ಬ್ಯಾಟರಿಯನ್ನು ಅಂಟು ಹಾಕಿ ಕೂರಿಸಿದ್ದರೆ, ಅದನ್ನು ಬದಲಿಸಲು ರಿಪೇರಿ ಅಂಗಡಿಯವರು ಹಿಂಬದಿಯ ಗಾಜನ್ನು ಬಿಸಿ ಮಾಡಿ, ತೆಳುವಾದ ಪ್ಲಾಸ್ಟಿಕ್ ಪಟ್ಟಿ ತೂರಿಸಿ, ಅಂಟನ್ನು ಇಷ್ಟಿಷ್ಟೇ ಬಿಡಿಸಬೇಕು. ಕೈ ಸ್ವಲ್ಪ ತಪ್ಪಿದರೂ ಗಾಜು ಸೀಳುತ್ತದೆ. ಬ್ಯಾಟರಿಗೆ ಪೆಟ್ಟು ಬಿದ್ದರೆ ಬೆಂಕಿ ಹೊತ್ತಿಕೊಳ್ಳುವ ಅಪಾಯವೂ ಇದೆ. ಅದೇ ಬ್ಯಾಟರಿಯನ್ನು ಸ್ಕ್ರೂ ಹಾಕಿ ಕೂರಿಸಿದ್ದರೆ ಅದು ಕೆಲವೇ ನಿಮಿಷಗಳ ಕೆಲಸ. ಅಂಟೋ ಸ್ಕ್ರೂವೋ ಎಂದು ನಿರ್ಧರಿಸುವುದು ಕಂಪನಿ. ಅದರ ಖರ್ಚು ಬೀಳುವುದು ಗ್ರಾಹಕರ ಮೇಲೆ, ಕೊನೆಗೆ ಉಳಿಯುವ ಕಸ ಊರಿನ ಪಾಲಿಗೆ. ಉತ್ಪನ್ನವೊಂದು ಪರಿಸರದ ಮೇಲೆ ಮಾಡುವ ಪರಿಣಾಮದಲ್ಲಿ ಶೇ 80ರವರೆಗಿನ ಪಾಲು ವಿನ್ಯಾಸದ ಹಂತದಲ್ಲೇ ನಿಗದಿಯಾಗುತ್ತದೆ ಎಂಬುದು ಯುರೋಪಿಯನ್ ಕಮಿಷನ್ ಮುಂದಿಡುವ ಅಂದಾಜು.

ಈ ಲೆಕ್ಕವನ್ನು ಸರಿಪಡಿಸಲು ಸರ್ಕಾರಗಳು ಮಾಡುವ ಕಾನೂನುಗಳೇ ಪರಿಸರ ಉತ್ಪನ್ನ ನೀತಿಗಳು. ಗಣಿಯಿಂದ ತೆಗೆ, ಕಾರ್ಖಾನೆಯಲ್ಲಿ ಮಾಡು, ಬಳಸು, ಎಸೆ ಎಂಬ ನೇರ ದಾರಿಯನ್ನು ಬಿಟ್ಟು, ವಸ್ತುವನ್ನು ಹೆಚ್ಚು ಕಾಲ ಬಳಸುವುದು, ರಿಪೇರಿ ಮಾಡುವುದು, ಬಿಡಿಭಾಗಗಳನ್ನು ಬೇರೆಡೆ ಜೋಡಿಸುವುದು, ಏನೂ ಸಾಧ್ಯವಾಗದಿದ್ದಾಗ ಕರಗಿಸಿ ಮತ್ತೆ ಕಚ್ಚಾವಸ್ತು ಮಾಡುವುದು ವರ್ತುಲ ಆರ್ಥಿಕತೆಯ ಕ್ರಮ. ಈ ಕ್ರಮದಲ್ಲಿ ಮರುಬಳಕೆಯ ಕಾರ್ಖಾನೆ, ಅಂದರೆ ರೀಸೈಕ್ಲಿಂಗ್, ಕಟ್ಟಕಡೆಯದು. ಹಲವು ಕಾನೂನುಗಳು ಅದನ್ನೇ ಮೊದಲನೆಯದೆಂಬಂತೆ ಕಾಣುತ್ತಿರುವುದು ಈ ಕ್ಷೇತ್ರದ ದೊಡ್ಡ ಕೊರತೆ. 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಹುಟ್ಟಿತು, ಅದರಲ್ಲಿ ಅಧಿಕೃತವಾಗಿ ಸಂಗ್ರಹಿಸಿ ಮರುಬಳಕೆಗೆ ಒಳಪಡಿಸಿದ್ದು ಶೇ 22.3 ಮಾತ್ರ ಎಂದು ವಿಶ್ವಸಂಸ್ಥೆಯ ಇ-ತ್ಯಾಜ್ಯ ವರದಿ ಹೇಳುತ್ತದೆ. ಕಡೆಯ ಬಾಗಿಲಲ್ಲಿ ನಿಂತು ಹಿಡಿಯುವ ಪ್ರಯತ್ನ ಎಷ್ಟರ ಮಟ್ಟಿಗೆ ಸಾಲದು ಎಂಬುದಕ್ಕೆ ಈ ಅಂಕಿ ಸಾಕು.

ತಯಾರಿಸಿದವರದೇ ಹೊಣೆ

ಕಸದ ವಿಲೇವಾರಿ ಪುರಸಭೆಯ ಕೆಲಸ, ಕಂಪನಿಯದ್ದಲ್ಲ ಎಂಬ ನಂಬಿಕೆ ಬಹುಕಾಲ ಪ್ರಶ್ನೆಯಿಲ್ಲದೆ ನಡೆಯಿತು. 1990ರಲ್ಲಿ ಸ್ವೀಡನ್ನಿನ ಥಾಮಸ್ ಲಿಂಡ್‌ಕ್ವಿಸ್ಟ್ ಇದನ್ನು ತಿರುಗಿಸಿ ಹಾಕಿದರು. ವಸ್ತು ಮಾರಾಟವಾದ ಮೇಲೂ ತಯಾರಕರ ಹೊಣೆ ಮುಗಿಯುವುದಿಲ್ಲ, ಅದರ ಆಯುಷ್ಯದ ಕೊನೆಯವರೆಗೂ ಮುಂದುವರಿಯಬೇಕು ಎಂಬ ಅವರ ಕಲ್ಪನೆಯೇ ಇಂದು ಇಪಿಆರ್ ಎಂಬ ಹೆಸರಿನಲ್ಲಿ ಹಲವು ದೇಶಗಳ ಕಾನೂನಿನಲ್ಲಿರುವ ‘ಉತ್ಪಾದಕರ ವಿಸ್ತರಿತ ಹೊಣೆಗಾರಿಕೆ’. ಅದರ ಹಿಂದಿನ ತರ್ಕ ಸರಳ. ಕಸದ ಖರ್ಚು ಕಂಪನಿಯ ಲೆಕ್ಕಪುಸ್ತಕಕ್ಕೆ ಬಂದರೆ, ಕಸ ಕಡಿಮೆಯಾಗುವಂತೆ ವಿನ್ಯಾಸ ಮಾಡುವ ಕಾರಣವೂ ಕಂಪನಿಗೆ ಸಿಗುತ್ತದೆ.

ಜರ್ಮನಿ 1991ರಲ್ಲಿ ಪ್ಯಾಕೇಜಿಂಗ್ ಕಸದ ಹೊಣೆಯನ್ನು ಕಂಪನಿಗಳಿಗೆ ವಹಿಸಿತು. ಜಪಾನ್ 2001ರಿಂದ ಟಿ.ವಿ., ಫ್ರಿಜ್, ವಾಷಿಂಗ್ ಮಷಿನ್ ಮತ್ತು ಏರ್ ಕಂಡಿಷನರ್‌ಗಳನ್ನು ತಯಾರಕರೇ ವಾಪಸ್ ಪಡೆದು ಮರುಬಳಕೆ ಮಾಡಬೇಕೆಂದು ವಿಧಿಸಿತು. ಅಲ್ಲಿ ಹಳೆಯ ಯಂತ್ರ ಒಪ್ಪಿಸುವ ಮನೆಯವರೇ ಶುಲ್ಕ ಕಟ್ಟಬೇಕು. ಭಾರತದಲ್ಲಿ ಹಳೆಯ ಫ್ರಿಜ್ಜಿಗೆ ಗುಜರಿಯವರೇ ದುಡ್ಡು ಕೊಟ್ಟು ಒಯ್ಯುತ್ತಾರೆ. ಈ ವ್ಯತ್ಯಾಸ ಮರೆತು ಹೊರದೇಶದ ಕಾನೂನನ್ನು ಹಾಗೆಯೇ ತಂದು ಹಚ್ಚಿದರೆ ಅದು ನಿಲ್ಲುವುದಿಲ್ಲ.

ಯುರೋಪಿನಲ್ಲಿ ವಿನ್ಯಾಸಕ್ಕೇ ನಿಯಮ

ಯುರೋಪಿಯನ್ ಒಕ್ಕೂಟ 2005ರಲ್ಲಿ ಮೊದಲ ವಿನ್ಯಾಸ ನಿಯಮ ತಂದಾಗ ಅದರ ಗಮನವಿದ್ದದ್ದು ಮುಖ್ಯವಾಗಿ ವಿದ್ಯುತ್ ಉಳಿತಾಯದ ಮೇಲೆ. 2024ರ ಜುಲೈನಲ್ಲಿ ಜಾರಿಗೆ ಬಂದ ಹೊಸ ನಿಯಮ ವಿದ್ಯುತ್ ಉಪಕರಣಗಳಾಚೆಗೂ ಕೈ ಚಾಚಿದೆ. ಬಟ್ಟೆ, ಪೀಠೋಪಕರಣ, ಟೈರು, ಹಾಸಿಗೆ, ಉಕ್ಕು, ಅಲ್ಯೂಮಿನಿಯಂ ಇವೆಲ್ಲ ಅದರ ಮೊದಲ ಕಾರ್ಯಯೋಜನೆಯಲ್ಲಿವೆ. ವಸ್ತು ಎಷ್ಟು ಬಾಳಬೇಕು, ಎಷ್ಟು ಸುಲಭವಾಗಿ ಬಿಚ್ಚಲು ಬರಬೇಕು, ಅದರಲ್ಲಿ ಎಷ್ಟು ಪಾಲು ಮರುಬಳಕೆಯ ಕಚ್ಚಾವಸ್ತು ಇರಬೇಕು ಎಂದು ಒಂದೊಂದು ವರ್ಗಕ್ಕೂ ಪ್ರತ್ಯೇಕವಾಗಿ ನಿಗದಿ ಮಾಡುವ ಅಧಿಕಾರ ಇದರಿಂದ ಸಿಕ್ಕಿದೆ. ಮಾರಾಟವಾಗದೆ ಉಳಿದ ಬಟ್ಟೆ ಮತ್ತು ಪಾದರಕ್ಷೆಗಳನ್ನು ದೊಡ್ಡ ಕಂಪನಿಗಳು ನಾಶಪಡಿಸುವುದಕ್ಕೆ 2026ರ ಜುಲೈ 19ರಿಂದ ನಿಷೇಧ ವಿಧಿಸಿದ್ದೂ ಇದೇ ನಿಯಮ.

ಇದರ ಜೊತೆಗೇ ಬರುವುದು ‘ಡಿಜಿಟಲ್ ಪ್ರಾಡಕ್ಟ್ ಪಾಸ್‌ಪೋರ್ಟ್’. ವಸ್ತುವಿನ ಮೇಲಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಅದು ಯಾವ ಕಚ್ಚಾವಸ್ತುವಿನಿಂದ ಆಗಿದೆ, ಹೇಗೆ ಬಿಚ್ಚಬೇಕು, ಯಾವ ಅಪಾಯಕಾರಿ ರಾಸಾಯನಿಕವಿದೆ ಎಂಬ ವಿವರ ಸಿಗಬೇಕು. ಎಲೆಕ್ಟ್ರಿಕ್ ವಾಹನಗಳ ಬ್ಯಾಟರಿಗೆ ಇದು 2027ರ ಫೆಬ್ರುವರಿಯಿಂದ ಕಡ್ಡಾಯ. ಬೆಂಗಳೂರಿನಿಂದ ಯುರೋಪಿಗೆ ಸಿದ್ಧ ಉಡುಪು ಕಳಿಸುವ ಗಾರ್ಮೆಂಟ್ಸ್‌ಗಳಿಗೆ ಇದು ದೂರದ ಸುದ್ದಿಯಲ್ಲ. ಬಟ್ಟೆಯ ಸರದಿ ಬಂದಾಗ ನೂಲು, ಬಣ್ಣ, ಗುಂಡಿ ಎಲ್ಲದರ ಮೂಲವನ್ನೂ ದಾಖಲೆ ಸಹಿತ ಕೊಡಬೇಕಾಗುತ್ತದೆ. ಕೊಡಲಾಗದವರ ಆರ್ಡರ್ ಕೊಡಬಲ್ಲವರ ಕಡೆ ಹೋಗುತ್ತದೆ. ಈಗಿನಿಂದಲೇ ದಾಖಲೆ ಇಡುವ ಅಭ್ಯಾಸ ಮಾಡಿಕೊಂಡ ಸಣ್ಣ ಘಟಕಗಳು ಆಗ ಪಾರಾಗಬಲ್ಲವು.

ಗ್ರಾಹಕರಿಗೆ ನೇರವಾಗಿ ತಟ್ಟುವ ಬದಲಾವಣೆಯೆಂದರೆ ಫೋನುಗಳದು. 2025ರ ಜೂನ್ 20ರಿಂದ ಯುರೋಪಿನಲ್ಲಿ ಮಾರಾಟಕ್ಕೆ ಬರುವ ಹೊಸ ಸ್ಮಾರ್ಟ್‌ಫೋನಿನ ಬ್ಯಾಟರಿ 800 ಸಲ ಚಾರ್ಜ್ ಆದ ಮೇಲೂ ಮೂಲ ಸಾಮರ್ಥ್ಯದ ಶೇ 80ರಷ್ಟನ್ನು ಉಳಿಸಿಕೊಂಡಿರಬೇಕು. ಆ ಮಾದರಿಯ ಮಾರಾಟ ನಿಂತ ಮೇಲೂ ಏಳು ವರ್ಷ ಮುಖ್ಯ ಬಿಡಿಭಾಗಗಳು ಸಿಗಬೇಕು, ಐದು ವರ್ಷ ಸಾಫ್ಟ್‌ವೇರ್ ಅಪ್‌ಡೇಟ್ ಬರಬೇಕು. ಎಷ್ಟು ಸುಲಭವಾಗಿ ರಿಪೇರಿಯಾಗುತ್ತದೆ ಎಂಬ ದರ್ಜೆಯೂ ಲೇಬಲ್ ಮೇಲೆ ಕಾಣಬೇಕು. ಇಂಥ ದರ್ಜೆಗೆ ದಾರಿ ತೋರಿದ್ದು ಫ್ರಾನ್ಸ್. ಬಿಚ್ಚುವ ಸುಲಭತೆ, ಬಿಡಿಭಾಗದ ಲಭ್ಯತೆ, ಅದರ ಬೆಲೆ, ರಿಪೇರಿ ಮಾಹಿತಿ ಇವನ್ನೆಲ್ಲ ಅಳೆದು ಹತ್ತಕ್ಕೆ ಇಷ್ಟು ಅಂಕ ಎಂದು ಬೆಲೆಯ ಪಕ್ಕದಲ್ಲೇ ತೋರಿಸುವ ಪದ್ಧತಿ ಅಲ್ಲಿ 2021ರ ಜನವರಿಯಲ್ಲಿ ಆರಂಭವಾಯಿತು. ರಿಪೇರಿಯನ್ನು ಅಗ್ಗವಾಗಿಸುವ ದಾರಿ ಹಿಡಿದದ್ದು ಆಸ್ಟ್ರಿಯಾ. ಅಲ್ಲಿ 2022ರಲ್ಲಿ ಆರಂಭವಾದ ಯೋಜನೆಯಡಿ ಉಪಕರಣದ ರಿಪೇರಿ ಖರ್ಚಿನ ಅರ್ಧವನ್ನು, 200 ಯೂರೋ ಮಿತಿಯೊಳಗೆ, ಸರ್ಕಾರವೇ ಕೊಟ್ಟಿತು. ಖಾತರಿ ಅವಧಿಯಲ್ಲಿ ಬದಲಿ ವಸ್ತು ಕೇಳದೆ ರಿಪೇರಿ ಮಾಡಿಸಿಕೊಂಡವರಿಗೆ ಇನ್ನೊಂದು ವರ್ಷ ಖಾತರಿ ವಿಸ್ತರಿಸುವ ಒಕ್ಕೂಟದ ನಿರ್ದೇಶನವನ್ನು ಸದಸ್ಯ ದೇಶಗಳು ಜಾರಿಗೆ ತರಬೇಕಾದ ಗಡುವು 2026ರ ಜುಲೈ 31.

ಭಾರತದ ಇ-ತ್ಯಾಜ್ಯ ನಿಯಮ

ಭಾರತದಲ್ಲಿ ಇಪಿಆರ್ ಮೊದಲು ಬಂದದ್ದು 2011ರ ಇ-ತ್ಯಾಜ್ಯ ನಿಯಮಗಳ ಮೂಲಕ. ಈಗ ಚಾಲ್ತಿಯಲ್ಲಿರುವುದು 2022ರ ನಿಯಮ, 2023ರ ಏಪ್ರಿಲ್ 1ರಿಂದ ಜಾರಿಯಾದದ್ದು. ಟಿ.ವಿ., ಫೋನ್, ಫ್ರಿಜ್‌ಗಳಿಂದ ಹಿಡಿದು ಆಟಿಕೆ, ವೈದ್ಯಕೀಯ ಉಪಕರಣ, ಸೌರಫಲಕದವರೆಗೆ 106 ಬಗೆಯ ಸಾಮಗ್ರಿಗಳು ಇದರ ವ್ಯಾಪ್ತಿಗೆ ಬರುತ್ತವೆ. ಕಂಪನಿ ಹಿಂದೊಮ್ಮೆ ಮಾರಿ, ಈಗ ಆಯುಷ್ಯ ಮುಗಿಸಿದ ಸಾಮಗ್ರಿಯ ತೂಕದಲ್ಲಿ ಮೊದಲೆರಡು ವರ್ಷ ಶೇ 60, ನಂತರದ ಎರಡು ವರ್ಷ ಶೇ 70, 2027-28ರಿಂದ ಶೇ 80ರಷ್ಟು ಮರುಬಳಕೆಯಾಗಬೇಕು.

ಕಂಪನಿ ಇದನ್ನು ತಾನೇ ಮಾಡಬೇಕಿಲ್ಲ. ನೋಂದಾಯಿತ ಮರುಬಳಕೆದಾರರು ಹಳೆಯ ಸಾಮಗ್ರಿಯಿಂದ ಚಿನ್ನ, ತಾಮ್ರ, ಅಲ್ಯೂಮಿನಿಯಂ, ಕಬ್ಬಿಣ ತೆಗೆದದ್ದಕ್ಕೆ ತಕ್ಕಂತೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲ್‌ನಲ್ಲಿ ಪ್ರಮಾಣಪತ್ರ ಹುಟ್ಟುತ್ತದೆ. ಕಂಪನಿ ಅದನ್ನು ಕೊಂಡು ತನ್ನ ಗುರಿ ತುಂಬಿಸಿಕೊಳ್ಳಬಹುದು. ಪ್ರಮಾಣಪತ್ರ ತೀರಾ ಅಗ್ಗವಾದರೆ ಮರುಬಳಕೆದಾರರು ಉಳಿಯುವುದಿಲ್ಲವೆಂದು ಸರ್ಕಾರ ಗೃಹೋಪಯೋಗಿ ಎಲೆಕ್ಟ್ರಾನಿಕ್ಸ್‌ಗೆ ಕೆ.ಜಿ.ಗೆ 22 ರೂಪಾಯಿಯ ಕನಿಷ್ಠ ದರ ಗೊತ್ತುಮಾಡಿತು. ಅದನ್ನು ಪ್ರಶ್ನಿಸಿ ಹಲವು ದೊಡ್ಡ ಕಂಪನಿಗಳು ದೆಹಲಿ ಹೈಕೋರ್ಟ್ ಮೆಟ್ಟಿಲೇರಿದವು.

ಪ್ರಮಾಣಪತ್ರದ ವ್ಯಾಪಾರಕ್ಕೆ ಕಾವಲು ಬೇಕೇ ಬೇಕು. ಪ್ಲಾಸ್ಟಿಕ್‌ಗೆ ಇದೇ ಮಾದರಿಯ ವ್ಯವಸ್ಥೆ ಬಂದ ಕೆಲಕಾಲದಲ್ಲೇ ಗುಜರಾತ್, ಮಹಾರಾಷ್ಟ್ರ ಮತ್ತು ಕರ್ನಾಟಕದ ಕೆಲವು ಘಟಕಗಳು ಸುಮಾರು 6 ಲಕ್ಷ ನಕಲಿ ಪ್ರಮಾಣಪತ್ರ ಸೃಷ್ಟಿಸಿದ್ದನ್ನು ಮಂಡಳಿಯ ತಪಾಸಣೆ ಪತ್ತೆ ಹಚ್ಚಿತು. ಇಲ್ಲಿ ಹಾನಿ ಎರಡು ಪಟ್ಟು. ಪ್ಲಾಸ್ಟಿಕ್ ಚರಂಡಿಯಲ್ಲೇ ಉಳಿಯುತ್ತದೆ, ಪ್ರಾಮಾಣಿಕವಾಗಿ ಕೆಲಸ ಮಾಡುವ ಘಟಕದ ಪ್ರಮಾಣಪತ್ರಕ್ಕೆ ಬೆಲೆ ಸಿಗುವುದಿಲ್ಲ.

ಇನ್ನೊಂದು ದೋಷ ನಿಯಮದ ರಚನೆಯಲ್ಲೇ ಇದೆ. ಗುರಿ ಇರುವುದು ತೂಕಕ್ಕೆ, ಹಾಗಾಗಿ ಮೂರು ವರ್ಷಕ್ಕೆ ಕೆಡುವ ಫೋನಿಗೂ ಎಂಟು ವರ್ಷ ಬಾಳುವ ಫೋನಿಗೂ ಒಂದೇ ಅಳತೆ. ರಿಪೇರಿಗೆ ಒಂದು ಸಣ್ಣ ಉತ್ತೇಜನವಂತೂ ನಿಯಮದಲ್ಲಿದೆ: ನೋಂದಾಯಿತ ದುರಸ್ತಿ ಘಟಕದಲ್ಲಿ ಹಳೆಯ ಸಾಮಗ್ರಿಯನ್ನು ಮತ್ತೆ ಬಳಕೆಗೆ ತಂದರೆ ಕಂಪನಿಯ ಹೊಣೆ ಮುಂದಕ್ಕೆ ಹೋಗುತ್ತದೆ, ಮುಂದೆ ಅದರ ಶೇ 75ರಷ್ಟು ಮಾತ್ರ ಲೆಕ್ಕಕ್ಕೆ ಬರುತ್ತದೆ. ಆದರೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬೆಸುಗೆ ಕಡ್ಡಿ ಹಿಡಿದು ಮದರ್‌ಬೋರ್ಡ್‌ಗೆ ಮರುಜೀವ ಕೊಡುವ ರಿಪೇರಿಗಾರರು ಈ ನೋಂದಣಿಯ ಜಗತ್ತಿನ ಹೊರಗೇ ಇದ್ದಾರೆ. ಅವರ ಕೌಶಲವೇ ವರ್ತುಲ ಆರ್ಥಿಕತೆಗೆ ದೇಶದಲ್ಲಿರುವ ಅತಿ ದೊಡ್ಡ ಬಂಡವಾಳ. ಕಂಪನಿಗಳು ಅವರಿಗೆ ಬಿಡಿಭಾಗವನ್ನೂ ಸರ್ಕ್ಯೂಟ್ ನಕ್ಷೆಯನ್ನೂ ನ್ಯಾಯಬೆಲೆಗೆ ಕೊಡುವಂತೆ ಮಾಡದ ಕಾನೂನು ಅರ್ಧ ಕಾನೂನೇ ಸರಿ.

ಈ ದಿಕ್ಕಿನಲ್ಲಿ ಕೆಲವು ಹೆಜ್ಜೆಗಳು ಬಿದ್ದಿವೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ‘ರೈಟ್ ಟು ರಿಪೇರ್’ ಪೋರ್ಟಲ್ ತೆರೆಯಿತು. ಕೃಷಿ ಉಪಕರಣ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್, ಗೃಹೋಪಯೋಗಿ ವಸ್ತುಗಳು, ವಾಹನಗಳು ಎಂಬ ನಾಲ್ಕು ವಿಭಾಗಗಳಲ್ಲಿ ಕಂಪನಿಗಳ ಸರ್ವಿಸ್ ಮತ್ತು ಬಿಡಿಭಾಗದ ಮಾಹಿತಿ ಒಂದೆಡೆ ಸಿಗುವುದು ಇದರ ಉದ್ದೇಶ. ಫ್ರಾನ್ಸಿನ ಮಾದರಿಯ ‘ರಿಪೇರಬಿಲಿಟಿ ಇಂಡೆಕ್ಸ್’ ರೂಪಿಸಲು 2024ರಲ್ಲಿ ಸಮಿತಿಯೊಂದನ್ನು ನೇಮಿಸಲಾಯಿತು. ಕಂಪನಿಗಳು ಅಂಕವನ್ನು ತಾವೇ ಘೋಷಿಸಿ ಪ್ಯಾಕಿನ ಮೇಲೆ ಕ್ಯೂಆರ್ ಕೋಡ್‌ನಲ್ಲಿ ತೋರಿಸಬೇಕೆಂದು ಅದು ಮರುವರ್ಷ ಶಿಫಾರಸು ಮಾಡಿದೆ.

ಬ್ಯಾಟರಿ ಮತ್ತು ಪ್ಲಾಸ್ಟಿಕ್

ವಾಪಸಾತಿ ಪದ್ಧತಿ ಬೇರೂರಿರುವುದು ಕಾರು ಮತ್ತು ಇನ್ವರ್ಟರ್‌ನ ಸೀಸದ ಬ್ಯಾಟರಿಯಲ್ಲಿ. ಹಳೆಯದನ್ನು ಕೊಟ್ಟರೆ ಹೊಸದರ ಬೆಲೆಯಲ್ಲಿ ಕಡಿತ ಸಿಗುತ್ತದೆ, ಆದ್ದರಿಂದ ಯಾರೂ ಅದನ್ನು ತಿಪ್ಪೆಗೆ ಹಾಕುವುದಿಲ್ಲ. ಜನರ ಹಿತ ಮತ್ತು ಪರಿಸರದ ಹಿತ ಒಂದೇ ಕಡೆ ಇದ್ದಾಗ ಕಾನೂನಿಗೆ ಬೆತ್ತ ಹಿಡಿಯುವ ಕೆಲಸ ಇರುವುದಿಲ್ಲ. ಅಪಾಯ ಇರುವುದು ಆ ಬ್ಯಾಟರಿ ಅಂಗಡಿಯಿಂದ ಮುಂದೆ ಎಲ್ಲಿಗೆ ಹೋಗುತ್ತದೆ ಎಂಬಲ್ಲಿ. ಪರವಾನಗಿಯಿಲ್ಲದ ಕುಲುಮೆಗಳಲ್ಲಿ ಆಮ್ಲವನ್ನು ನೆಲಕ್ಕೆ ಚೆಲ್ಲಿ ಸೀಸ ಕರಗಿಸುತ್ತಾರೆ, ಆ ಹೊಗೆ ಸುತ್ತಲಿನ ಮಕ್ಕಳ ರಕ್ತ ಸೇರಿ ಮಿದುಳಿನ ಬೆಳವಣಿಗೆಯನ್ನೇ ಕುಂಠಿಸುತ್ತದೆ. 2001ರ ನಿಯಮ ಸೀಸದ ಬ್ಯಾಟರಿಗಷ್ಟೇ ಇತ್ತು. 2022ರ ಬ್ಯಾಟರಿ ತ್ಯಾಜ್ಯ ನಿಯಮ ಲಿಥಿಯಂ ಸೇರಿ ಎಲ್ಲ ಬಗೆಯನ್ನೂ ಒಳಗೊಂಡಿದೆ. ಬ್ಯಾಟರಿಯನ್ನು ಹೂಳುವುದನ್ನೂ ಸುಡುವುದನ್ನೂ ನಿಷೇಧಿಸಿ, 2027-28ರಿಂದ ಹೊಸ ಬ್ಯಾಟರಿಯಲ್ಲಿ ಮರುಬಳಕೆಯ ಲೋಹದ ಪಾಲು ಇಷ್ಟಿರಲೇಬೇಕೆಂದು ವಿಧಿಸಿದೆ.

ಪ್ಲಾಸ್ಟಿಕ್ಕಿನಲ್ಲಿ ಕರ್ನಾಟಕ ದೇಶಕ್ಕಿಂತ ಮುಂದಿತ್ತು. ಕ್ಯಾರಿಬ್ಯಾಗ್, ತಟ್ಟೆ, ಲೋಟ, ಚಮಚ, ಊಟದ ಮೇಜಿನ ಹಾಳೆ, ಫ್ಲೆಕ್ಸ್ ಎಲ್ಲವನ್ನೂ ದಪ್ಪದ ಲೆಕ್ಕವಿಲ್ಲದೆ ರಾಜ್ಯ 2016ರ ಮಾರ್ಚ್‌ನಲ್ಲೇ ನಿಷೇಧಿಸಿತು. ಕೇಂದ್ರದ ಏಕಬಳಕೆ ಪ್ಲಾಸ್ಟಿಕ್ ನಿಷೇಧ ಬಂದದ್ದು 2022ರ ಜುಲೈ 1ಕ್ಕೆ. ಕೇಂದ್ರದ ನಿಯಮದಲ್ಲಿ 120 ಮೈಕ್ರಾನಿಗಿಂತ ತೆಳುವಾದ ಚೀಲಕ್ಕೆ ಮಾತ್ರ ತಡೆ, ಕರ್ನಾಟಕದ ನಿಷೇಧಕ್ಕೆ ಆ ಮಿತಿಯೂ ಇಲ್ಲ. ಆದರೂ ಸಂತೆಯಲ್ಲಿ ಸೊಪ್ಪಿನ ಜೊತೆ ಬರುವ ತೆಳು ಕವರು ನಿಂತಿಲ್ಲ. ದಂಡ ಬೀಳುವುದು ಸಾಮಾನ್ಯವಾಗಿ ಕವರು ಕೊಟ್ಟ ತರಕಾರಿಯವರ ಮೇಲೆ, ಕವರು ತಯಾರಿಸಿದವರ ಮೇಲಲ್ಲ. ಕಾನೂನು ಸೋಲುತ್ತಿರುವುದು ಅಲ್ಲೇ.

ಠೇವಣಿ ಪದ್ಧತಿ ಇದಕ್ಕಿಂತ ಚೆನ್ನಾಗಿ ನಡೆಯುತ್ತದೆ. ತಮಿಳುನಾಡಿನ ನೀಲಗಿರಿಯಲ್ಲಿ 2022ರಿಂದ ಸರ್ಕಾರಿ ಮದ್ಯದಂಗಡಿಗಳು ಬಾಟಲಿಗೆ 10 ರೂಪಾಯಿ ಹೆಚ್ಚು ಪಡೆದು, ಖಾಲಿ ಬಾಟಲಿ ತಂದಾಗ ಮರಳಿಸುತ್ತವೆ. ಒಡೆದ ಗಾಜು ಕಾಡುಪ್ರಾಣಿಗಳ ಕಾಲು ಸೀಳುವುದನ್ನು ತಡೆಯಲು ಮದ್ರಾಸ್ ಹೈಕೋರ್ಟಿನ ಸೂಚನೆಯಂತೆ ಆರಂಭವಾದ ಪದ್ಧತಿ ಇದು. ಬಂಡೀಪುರ, ನಾಗರಹೊಳೆಗಳ ಅಂಚಿನಲ್ಲೂ ಇದನ್ನು ತರುವುದು ಕಷ್ಟವೇನಲ್ಲ.

ಕೊಳ್ಳುವಾಗ ನೋಡಬೇಕಾದದ್ದು

ಫ್ರಿಜ್, ಎ.ಸಿ.ಗಳ ಮೇಲಿನ ನಕ್ಷತ್ರದ ಲೇಬಲ್ 2006ರಿಂದ ಇದೆ. ಅದರಲ್ಲಿ ನಕ್ಷತ್ರಕ್ಕಿಂತ ಮುಖ್ಯವಾದವು ಎರಡು ಸಾಲುಗಳು: ವರ್ಷಕ್ಕೆ ಎಷ್ಟು ಯೂನಿಟ್ ವಿದ್ಯುತ್, ಲೇಬಲ್ ಯಾವ ಅವಧಿಯದು. ಇಂಧನ ದಕ್ಷತೆ ಬ್ಯೂರೋ ಆಗಾಗ ಅಳತೆ ಬಿಗಿ ಮಾಡುತ್ತದೆ. 2022ರ ಜುಲೈನಲ್ಲಿ ಎ.ಸಿ.ಗಳ ಅಳತೆ ಬದಲಾದಾಗ ಅದುವರೆಗಿನ ಐದು ನಕ್ಷತ್ರದವು ನಾಲ್ಕಕ್ಕೆ ಇಳಿದವು. ಹಳೆಯ ದಾಸ್ತಾನನ್ನು ಐದು ನಕ್ಷತ್ರದ್ದೆಂದು ಮಾರುವಾಗ ಅವಧಿ ನೋಡಿದವರು ಮೋಸ ಹೋಗುವುದಿಲ್ಲ. ಮಣ್ಣಿನ ಮಡಕೆಯ ಚಿಹ್ನೆಯ ‘ಇಕೋಮಾರ್ಕ್’ 1991ರಲ್ಲೇ ಬಂದರೂ ಅಂಗಡಿಗಳಲ್ಲಿ ಕಂಡವರು ಕಡಿಮೆ. 2024ರ ಹೊಸ ನಿಯಮ ಅದಕ್ಕೆ ಮತ್ತೆ ಜೀವ ತುಂಬಲು ಹೊರಟಿದೆ. ‘ಗ್ರೀನ್’, ‘ಇಕೋ’ ಎಂದು ಕಂಪನಿಯೇ ಅಚ್ಚು ಹಾಕಿಕೊಂಡ ಪದಗಳಿಗೆ ಈ ಅಧಿಕೃತ ಚಿಹ್ನೆಗಳ ತೂಕವಿಲ್ಲ.

ಅಂಗಡಿಯಲ್ಲಿ ಕೇಳಲೇಬೇಕಾದ ಪ್ರಶ್ನೆಗಳಿವೆ. ಬ್ಯಾಟರಿ ಬದಲಿಸಲು ಬರುತ್ತದೆಯೇ, ಬರುವುದಾದರೆ ಅದರ ಬೆಲೆ ಎಷ್ಟು? ಸಾಫ್ಟ್‌ವೇರ್ ಅಪ್‌ಡೇಟ್ ಯಾವ ವರ್ಷದವರೆಗೆ? ಮಿಕ್ಸಿಯ ಜಾರು, ವಾಷಿಂಗ್ ಮಷಿನ್ನಿನ ಬೋರ್ಡು ಬಿಡಿಯಾಗಿ ಸಿಗುತ್ತವೆಯೇ? ಸರ್ವಿಸ್ ಸೆಂಟರ್ ತಾಲ್ಲೂಕಿನಲ್ಲಿದೆಯೇ, ಜಿಲ್ಲಾ ಕೇಂದ್ರಕ್ಕೆ ಹೊತ್ತೊಯ್ಯಬೇಕೇ? ಬೆಲೆ ಐನೂರು ಕಡಿಮೆಯಾಗಿ, ಬಿಡಿಭಾಗ ಸಿಗದ ವಸ್ತು ಕೊನೆಗೆ ದುಬಾರಿಯೇ.

ಬಿಡುವಾಗ ಮಾಡಬೇಕಾದದ್ದು

ಹಳೆಯ ಫೋನನ್ನು ಡ್ರಾಯರಿನಲ್ಲಿ ವರ್ಷಗಟ್ಟಲೆ ಇಡುವುದರಿಂದ ಯಾರಿಗೂ ಉಪಯೋಗವಿಲ್ಲ. ಮೊದಲು ಅದರಲ್ಲಿನ ಗೂಗಲ್ ಅಥವಾ ಆ್ಯಪಲ್ ಖಾತೆಯಿಂದ ಸೈನ್ ಔಟ್ ಆಗಿ, ಆಮೇಲೆ ಫ್ಯಾಕ್ಟರಿ ರೀಸೆಟ್ ಮಾಡಬೇಕು. ಖಾತೆ ಹಾಗೇ ಉಳಿದರೆ ಫೋನ್ ಲಾಕ್ ಆಗಿ, ಕೊಂಡವರಿಗೆ ಬಿಡಿಭಾಗವಾಗಿ ಮಾತ್ರ ಸಲ್ಲುತ್ತದೆ. ಸಿಮ್ ಮತ್ತು ಮೆಮೊರಿ ಕಾರ್ಡ್ ತೆಗೆಯುವುದನ್ನು ಮರೆಯಬಾರದು. ಉಬ್ಬಿದ ಬ್ಯಾಟರಿಯನ್ನು ಚುಚ್ಚುವುದಾಗಲಿ, ಒಣ ಕಸದ ಚೀಲಕ್ಕೆ ಹಾಕುವುದಾಗಲಿ ಕೂಡದು. ಕಸದ ಲಾರಿಯಲ್ಲಿ ಒತ್ತಡ ಬಿದ್ದರೆ ಅದು ಹೊತ್ತಿಕೊಳ್ಳುತ್ತದೆ. ಟ್ಯೂಬ್‌ಲೈಟ್, ಸಿಎಫ್ಎಲ್‌ಗಳಲ್ಲಿ ಪಾದರಸವಿರುವುದರಿಂದ ಅವನ್ನು ಒಡೆಯದೆ ಬೇರೆಯಾಗಿ ಇ-ತ್ಯಾಜ್ಯದೊಂದಿಗೆ ಕೊಡಬೇಕು.

ಹಳೆಯ ಫ್ರಿಜ್ಜಿನ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಗುಜರಿಯಲ್ಲಿ ಬೆಲೆ ಬರುವುದು ಕಂಪ್ರೆಸರ್‌ಗೂ ತಾಮ್ರದ ಕೊಳವೆಗೂ. ಕೊಳವೆಯನ್ನು ಕತ್ತರಿಸಿದ ಕ್ಷಣ ಒಳಗಿನ ಅನಿಲ ಗಾಳಿಗೆ ಸೇರುತ್ತದೆ. ಅನೇಕ ಹಳೆಯ ಫ್ರಿಜ್‌ಗಳಲ್ಲಿರುವ ಆರ್-134ಎ ಅನಿಲದ ತಾಪ ಹಿಡಿದಿಡುವ ಶಕ್ತಿ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 1,430 ಪಟ್ಟು. ಅನಿಲವನ್ನು ಸಿಲಿಂಡರಿಗೆ ಎಳೆದುಕೊಳ್ಳುವ ಯಂತ್ರ ಇರುವುದು ಅಧಿಕೃತ ಘಟಕಗಳಲ್ಲಿ. ಆದ್ದರಿಂದ ಹೊಸ ಫ್ರಿಜ್ ಕೊಳ್ಳುವಾಗಲೇ ಎಕ್ಸ್‌ಚೇಂಜ್ ಕೇಳುವುದು, ಹಳೆಯದು ನೋಂದಾಯಿತ ಘಟಕಕ್ಕೆ ಹೋಗುತ್ತದೆಯೇ ಎಂದು ವಿಚಾರಿಸುವುದು ಒಳ್ಳೆಯದು. ಬೆಂಗಳೂರಿನ ಹೊರವಲಯದ ದಾಬಸ್‌ಪೇಟೆಯಲ್ಲಿ 2005ರಷ್ಟು ಹಿಂದೆಯೇ ಅಧಿಕೃತ ಇ-ತ್ಯಾಜ್ಯ ಘಟಕವೊಂದು ಆರಂಭವಾಯಿತು. ಇಂದು ರಾಜ್ಯದಲ್ಲಿ ಅಂಥವು ಹಲವಿವೆ, ಪಟ್ಟಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ಸಿಗುತ್ತದೆ. ಯಾವುದೇ ಆರ್ಥಿಕ ವರ್ಷದಲ್ಲಿ ಸಾವಿರ ಅಥವಾ ಹೆಚ್ಚು ಎಲೆಕ್ಟ್ರಾನಿಕ್ ಸಾಮಗ್ರಿ ಬಳಸಿದ ಕಚೇರಿ, ಕಾಲೇಜು, ಆಸ್ಪತ್ರೆಗಳು ‘ಬೃಹತ್ ಬಳಕೆದಾರರು’. ಅವು ನೋಂದಾಯಿತರಿಗಲ್ಲದೆ ಬೇರೆಯವರಿಗೆ ಹಳೆಯ ಸಾಮಗ್ರಿ ಕೊಡುವಂತಿಲ್ಲ.

ಹಾಗೆಂದು ಬೀದಿಯ ಗುಜರಿಯವರನ್ನೂ ಚಿಂದಿ ಆಯುವವರನ್ನೂ ಈ ವ್ಯವಸ್ಥೆಯಿಂದ ಹೊರದಬ್ಬುವುದು ದೊಡ್ಡ ತಪ್ಪಾಗುತ್ತದೆ. ಕಾಗದ, ಲೋಹ, ಗಟ್ಟಿ ಪ್ಲಾಸ್ಟಿಕ್‌ಗಳು ಇಷ್ಟರ ಮಟ್ಟಿಗಾದರೂ ಕಾರ್ಖಾನೆಗೆ ಮರಳುತ್ತಿರುವುದು ಅವರ ದುಡಿಮೆಯಿಂದ. ಬೆಂಗಳೂರಿನಲ್ಲಿ ಚಿಂದಿ ಆಯುವವರಿಗೆ ಪಾಲಿಕೆಯಿಂದ ಗುರುತಿನ ಚೀಟಿ ಕೊಡಿಸಿ, ಒಣ ಕಸ ಸಂಗ್ರಹ ಕೇಂದ್ರಗಳನ್ನು ಅವರ ಕೈಗೇ ಒಪ್ಪಿಸಿದ ಪ್ರಯೋಗ ನಡೆದಿದೆ. ಅಪಾಯಕಾರಿ ಭಾಗಗಳನ್ನು ಬಿಚ್ಚುವ, ಸುಡುವ, ಕರಗಿಸುವ ಕೆಲಸ ನೋಂದಾಯಿತ ಘಟಕದಲ್ಲಿ, ಸಂಗ್ರಹಿಸುವ ಮತ್ತು ವಿಂಗಡಿಸುವ ಕೆಲಸ ಇವರ ಕೈಯಲ್ಲಿ ಎಂಬ ಹಂಚಿಕೆಯೇ ಈ ನಾಡಿಗೆ ಹೊಂದುವುದು.

ಖಾತರಿ ಅವಧಿಯಲ್ಲಿ ರಿಪೇರಿ ನಿರಾಕರಿಸಿದರೆ, ‘ಬಿಡಿಭಾಗ ಬರುವುದಿಲ್ಲ, ಹೊಸದು ಕೊಳ್ಳಿ’ ಎಂಬ ಉತ್ತರ ಬಂದರೆ ಸುಮ್ಮನಾಗಬೇಕಿಲ್ಲ. ಬಿಲ್ಲು, ಸರ್ವಿಸ್ ಸೆಂಟರಿನ ಜಾಬ್ ಶೀಟು ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗದ ಬಾಗಿಲು ತೆರೆದೇ ಇದೆ.